ಸಮುದ್ರದಿಂದ ಮೇಲೆದ್ದ ಹೊಸ್ತಿಲು: ಫಾರೋಸ್ ದೀಪಸ್ತಂಭವನ್ನು ಅರ್ಥಮಾಡಿಕೊಳ್ಳೋಣ

2025ರ ಜುಲೈನಲ್ಲಿ ಈಜಿಪ್ಟಿನಿಂದ ಒಂದು ಸುದ್ದಿ ಬಂತು. ಅಲೆಕ್ಸಾಂಡ್ರಿಯಾ ನಗರದ ಬಂದರಿನ ತಳದಿಂದ 22 ದೊಡ್ಡ ಕಲ್ಲುಗಳನ್ನು ಕ್ರೇನ್ ಹಾಕಿ ಮೇಲೆತ್ತಿದ್ದರು. ಅವುಗಳಲ್ಲಿ ಕೆಲವು 70ರಿಂದ 80 ಟನ್ ತೂಗುತ್ತವೆ. ಅಂದರೆ ಮರಳು ತುಂಬಿದ ಮೂರು ಲಾರಿಗಳ ತೂಕ ಒಂದೇ ಕಲ್ಲಿನಲ್ಲಿ. ಬಾಗಿಲಿನ ಎರಡೂ ಬದಿಯ ನಿಲುವುಗಲ್ಲು, ಮೇಲಿನ ಅಡ್ಡಗಲ್ಲು, ನೆಲದ ಹಾಸುಗಲ್ಲು, ಜೊತೆಗೆ ಒಂದು ಹೊಸ್ತಿಲು.

ಆ ಹೊಸ್ತಿಲು ಯಾವ ಕಟ್ಟಡದ್ದು? ಪ್ರಾಚೀನ ಜಗತ್ತಿನ ಏಳು ಅದ್ಭುತಗಳ ಪಟ್ಟಿಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದರಲ್ಲಿದ್ದ ‘ಅಲೆಕ್ಸಾಂಡ್ರಿಯಾದ ದೀಪಸ್ತಂಭ’ದ ಮಹಾದ್ವಾರದ್ದು ಎನ್ನುತ್ತಾರೆ ಸಂಶೋಧಕರು. ಪಟ್ಟಿಯಲ್ಲಿ ಅದು ಬರೀ ಒಂದು ಹೆಸರಾಗಿತ್ತು. ಅದು ಯಾಕೆ ಬೇಕಾಯಿತು, ಹೇಗೆ ನಿಂತಿತ್ತು, ಹೇಗೆ ಬಿತ್ತು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಕಲ್ಲುಗಳೇ ಮೇಲೆದ್ದು ಬಂದಿವೆ. ತಿಳಿದುಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ಮೊದಲು ಜಾಗ ನೋಡೋಣ

ಮೆಡಿಟರೇನಿಯನ್ ಸಮುದ್ರದ ದಕ್ಷಿಣದ ದಡದಲ್ಲಿ, ನೈಲ್ ನದಿ ಸಮುದ್ರ ಸೇರುವ ಪ್ರದೇಶದ ಪಶ್ಚಿಮ ಅಂಚಿನಲ್ಲಿ, ತೀರದಿಂದ ಒಂದು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ದೂರದಲ್ಲಿ ಒಂದು ಸಣ್ಣ ದ್ವೀಪವಿತ್ತು. ಅದರ ಹೆಸರು ಫಾರೋಸ್. ಉದ್ದಕ್ಕೆ ಚಾಚಿಕೊಂಡ ಸುಣ್ಣಕಲ್ಲಿನ ದಿಬ್ಬ, ಅಷ್ಟೇ. ಗ್ರೀಕರ ಅತಿ ಹಳೆಯ ಕಾವ್ಯಗಳಲ್ಲೇ ಇದರ ಹೆಸರು ಬರುತ್ತದೆ.

ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಈ ದ್ವೀಪದ ಎದುರಿನ ದಡದಲ್ಲಿ ಹೊಸ ನಗರ ಕಟ್ಟಲು ಹೇಳಿದ. ಅದು ಎದ್ದು ನಿಂತದ್ದನ್ನು ಅವನು ನೋಡಲಿಲ್ಲ. ಕ್ರಿ.ಪೂ. 323ರಲ್ಲಿ ಸತ್ತುಹೋದ. ಅವನ ಸೇನಾಪತಿಗಳಲ್ಲಿ ಒಬ್ಬನಾದ ಟಾಲೆಮಿ ಈಜಿಪ್ಟನ್ನು ತೆಗೆದುಕೊಂಡು ಅಲೆಕ್ಸಾಂಡ್ರಿಯಾವನ್ನು ರಾಜಧಾನಿ ಮಾಡಿಕೊಂಡ.

ದಡಕ್ಕೂ ದ್ವೀಪಕ್ಕೂ ನಡುವೆ ಕಲ್ಲುಮಣ್ಣು ತುಂಬಿ ಒಂದು ದಾರಿ ಮಾಡಿದರು. ಅದಕ್ಕೆ ಹೆಪ್ಟಾಸ್ಟೇಡಿಯನ್ ಎಂದು ಹೆಸರು. ‘ಏಳು ಸ್ಟೇಡಿಯಾ ಉದ್ದದ್ದು’ ಎಂದು ಅರ್ಥ. ಸ್ಟೇಡಿಯಾ ಅನ್ನುವುದು ಗ್ರೀಕರ ಅಳತೆ, ಒಂದು ಸ್ಟೇಡಿಯಾ ಅಂದರೆ ಸುಮಾರು 185 ಮೀಟರ್. ಈ ದಾರಿಯಿಂದಾಗಿ ನೀರು ಎರಡು ಭಾಗವಾಯಿತು. ಪೂರ್ವಕ್ಕೆ ಒಂದು ಬಂದರು, ಪಶ್ಚಿಮಕ್ಕೆ ಇನ್ನೊಂದು. ಗಾಳಿ ಯಾವ ಕಡೆಯಿಂದ ಬೀಸಿದರೂ ಹಡಗಿಗೆ ಒಂದಲ್ಲ ಒಂದು ಕಡೆ ಆಸರೆ. ಕಾಲಕ್ರಮದಲ್ಲಿ ಆ ದಾರಿಯ ಎರಡೂ ಬದಿಗೆ ಹೂಳು ತುಂಬಿತು. ಇವತ್ತು ಅದರ ಮೇಲೆ ಬೀದಿಗಳಿವೆ, ಮನೆಗಳಿವೆ. ಫಾರೋಸ್ ಈಗ ದ್ವೀಪವೇ ಅಲ್ಲ, ಊರಿನ ಒಂದು ಭಾಗ.

ಬಂದರೇನೋ ಚೆನ್ನಾಗಿತ್ತು. ಆದರೆ ಅದನ್ನು ಹುಡುಕಿಕೊಂಡು ಬರುವುದೇ ಕಷ್ಟವಾಗಿತ್ತು.

ನಮ್ಮ ಕರಾವಳಿಯನ್ನು ನೆನಪಿಸಿಕೊಳ್ಳಿ. ಸಮುದ್ರದಲ್ಲಿ ಒಳಗೆ ಹೋದರೂ ಹಿಂದೆ ಘಟ್ಟದ ಸಾಲು ಕಾಣುತ್ತದೆ. ಕುದುರೆಯ ಮುಖದಂತೆ ಕಾಣುವ ಶಿಖರವೊಂದು ನಾವಿಕರಿಗೆ ಗುರುತಾಗಿತ್ತು, ಹೆಸರೂ ಹಾಗೇ ಬಂತು. ಅಲೆಕ್ಸಾಂಡ್ರಿಯಾದ ತೀರದಲ್ಲಿ ಅಂಥದ್ದು ಏನೂ ಇಲ್ಲ. ಬೆಟ್ಟವಿಲ್ಲ, ಗುಡ್ಡವಿಲ್ಲ. ಮರಳು, ಜೌಗು, ಮತ್ತೆ ಮರಳು. ಹಡಗಿನಲ್ಲಿ ನಿಂತವನಿಗೆ ನೆಲ ಕಾಣುವ ಹೊತ್ತಿಗೆ ತೀರಾ ಹತ್ತಿರ ಬಂದಾಗಿರುತ್ತದೆ. ಮೇಲಾಗಿ ಬಂದರಿನ ಬಾಯಲ್ಲೇ ಬಂಡೆಗಳು. ಕೆಲವು ನೀರಿನ ಮೇಲೆ ಕಾಣುತ್ತವೆ, ಕೆಲವು ಕಾಣುವುದಿಲ್ಲ. ಸುಮಾರು 2,000 ವರ್ಷದ ಹಿಂದೆ ಇಲ್ಲಿಗೆ ಬಂದಿದ್ದ ಸ್ಟ್ರಾಬೋ ಎಂಬ ಭೂಗೋಳಕಾರ ಇದನ್ನೇ ಬರೆದಿದ್ದಾನೆ: ತೀರದಲ್ಲಿ ಗುರುತಿಲ್ಲ, ಬಂಡೆ ಮತ್ತು ಆಳವಿಲ್ಲದ ನೀರು ಎರಡೂ ಕಡೆ ಇವೆ, ಹಾಗಾಗಿ ದೂರದಿಂದ ಬರುವವರಿಗೆ ಎತ್ತರದ ಒಂದು ಸಂಕೇತ ಬೇಕೇ ಬೇಕಿತ್ತು.

ಬೆಟ್ಟ ಇಲ್ಲದ ಕಡೆ ಬೆಟ್ಟ ಕಟ್ಟಬೇಕಾಯಿತು. ಫಾರೋಸ್ ದೀಪಸ್ತಂಭವನ್ನು ನಾನು ನೋಡುವುದು ಹಾಗೆ. ದೀಪ ಅದಕ್ಕೆ ಎರಡನೆಯದು. ಮೊದಲನೆಯದು ಎತ್ತರ.

ಅಷ್ಟು ಎತ್ತರ ಯಾಕೆ?

ಮಲ್ಪೆಯಲ್ಲೋ ಕಾರವಾರದಲ್ಲೋ ಸಂಜೆ ದಡದಲ್ಲಿ ಕೂತು ಮೀನಿನ ಬೋಟುಗಳು ಬರುವುದನ್ನು ನೋಡಿದ್ದೀರಾ? ದೂರದ ಬೋಟು ಒಮ್ಮೆಲೇ ಪೂರ್ತಿ ಕಾಣುವುದಿಲ್ಲ. ಮೊದಲು ಮೇಲಿನ ಕಂಬ, ಆಮೇಲೆ ಕ್ಯಾಬಿನ್, ಕೊನೆಗೆ ಒಡಲು. ಭೂಮಿ ದುಂಡಗಿದೆ, ಅದಕ್ಕೇ ಹಾಗೆ. ನಡುವೆ ನೀರೇ ಉಬ್ಬಿಕೊಂಡು ಕೆಳಗಿನ ಭಾಗವನ್ನು ಮರೆಮಾಡುತ್ತದೆ.

ಈ ಉಬ್ಬನ್ನು ದಾಟಿ ನೋಡಬೇಕಾದರೆ ಎತ್ತರಕ್ಕೆ ಹೋಗಬೇಕು. ಒಂದು ಸರಳ ಲೆಕ್ಕ ಇದೆ. ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಳ್ಳಿ, ಅದರ ವರ್ಗಮೂಲವನ್ನು ಸುಮಾರು 3.6ರಿಂದ ಗುಣಿಸಿ. ಬಂದ ಉತ್ತರವೇ ದಿಗಂತದ ದೂರ, ಕಿಲೋಮೀಟರಿನಲ್ಲಿ. ಅಲೆಯಂಚಿನಲ್ಲಿ ನಿಂತ ನಮಗೆ ಕಾಣುವುದು ಬರೀ ನಾಲ್ಕೂವರೆ ಕಿಲೋಮೀಟರ್. 1901ರಲ್ಲಿ ಕಟ್ಟಿದ ನಮ್ಮ ಕಾಪು ದೀಪಸ್ತಂಭದ 27 ಮೀಟರ್ ಎತ್ತರವನ್ನೇ ಈ ಲೆಕ್ಕಕ್ಕೆ ಹಾಕಿದರೆ 18 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ನೂರು ಮೀಟರ್ ಎತ್ತರವಾದರೆ ಸುಮಾರು 36.

ಇನ್ನೊಂದು ಮಾತು. ನೋಡುವವನೂ ಎತ್ತರದಲ್ಲಿದ್ದರೆ ಅವನ ದಿಗಂತದ ದೂರವೂ ಇದಕ್ಕೆ ಸೇರುತ್ತದೆ. ಹಡಗಿನ ಪಟಕಂಬವನ್ನು 10 ಮೀಟರ್ ಏರಿ ನಿಂತವನಿಗೆ 11 ಕಿಲೋಮೀಟರ್ ಹೆಚ್ಚಿಗೆ ಸಿಗುತ್ತದೆ. 36ಕ್ಕೆ 11 ಸೇರಿಸಿದರೆ 47. ಮೊದಲನೇ ಶತಮಾನದ ಇತಿಹಾಸಕಾರ ಜೋಸೆಫಸ್, ಈ ಬೆಳಕು 300 ಸ್ಟೇಡಿಯಾ ದೂರಕ್ಕೆ ಕಾಣುತ್ತಿತ್ತು ಎಂದು ಬರೆದಿದ್ದಾನೆ. ಅಂದರೆ ಸುಮಾರು 55 ಕಿಲೋಮೀಟರ್. ಸಮುದ್ರದ ಮೇಲಿನ ಗಾಳಿ ಬೆಳಕನ್ನು ಚೂರು ಬಗ್ಗಿಸುತ್ತದೆ, ಅದರಿಂದ ದೂರ ಇನ್ನೂ ಸ್ವಲ್ಪ ಹೆಚ್ಚುತ್ತದೆ. ಹಳೆಯ ಬರಹಗಾರರು ಉತ್ಪ್ರೇಕ್ಷೆ ಮಾಡುತ್ತಾರೆ ಅಂತ ಅಂದುಕೊಳ್ಳುತ್ತೇವೆ. ಇಲ್ಲಿ ಲೆಕ್ಕ ಮಾಡಿ ನೋಡಿದರೆ ಅವನ ಮಾತು ನಿಜಕ್ಕೆ ಹತ್ತಿರವೇ ಇದೆ.

ಹಗಲಲ್ಲಿ ಬೆಂಕಿಯೂ ಬೇಕಿರಲಿಲ್ಲ. ಬಿಳಿ ಕಲ್ಲಿನ ಗೋಪುರವೇ ಸಾಕು. ಅದರ ತುದಿ ಕಂಡರೆ ನಾವಿಕನಿಗೆ ಬಂದರು ಎಲ್ಲಿದೆ ಅಂತ ಗೊತ್ತಾಗುತ್ತಿತ್ತು.

ಒಂದರ ಮೇಲೊಂದು ಮೂರು ಗೋಪುರ

ಎತ್ತರ ಎಷ್ಟು? ಬೇರೆಬೇರೆ ಕಾಲದ ವರ್ಣನೆಗಳನ್ನು ಒಟ್ಟಿಗಿಟ್ಟು ನೋಡಿದ ಹೆಚ್ಚಿನ ವಿದ್ವಾಂಸರು 100 ಮೀಟರಿಗಿಂತ ಜಾಸ್ತಿ ಎನ್ನುತ್ತಾರೆ. ವಿಜಯಪುರದ ಗೋಳಗುಮ್ಮಟ ಸುಮಾರು 51 ಮೀಟರ್. ಒಂದರ ಮೇಲೆ ಇನ್ನೊಂದು ಗೋಳಗುಮ್ಮಟ ಇಟ್ಟಂತೆ ಕಲ್ಪಿಸಿಕೊಳ್ಳಿ. ಆ ಕಾಲದಲ್ಲಿ ಇದಕ್ಕಿಂತ ಎತ್ತರವಾಗಿದ್ದದ್ದು ಗೀಜಾದ ದೊಡ್ಡ ಪಿರಮಿಡ್‌ಗಳು. ಆದರೆ ಪಿರಮಿಡ್ ಅಂದರೆ ಒಳಗೆಲ್ಲ ಕಲ್ಲೇ ತುಂಬಿದ ರಾಶಿ. ಇದರೊಳಗೆ ಕೋಣೆಗಳಿದ್ದವು, ಜನ ಓಡಾಡುತ್ತಿದ್ದರು.

ಆಕಾರ ನಮಗೆ ಗೊತ್ತಾದದ್ದು ಎರಡು ಕಡೆಯಿಂದ. ಒಂದು, ರೋಮನ್ ಕಾಲದಲ್ಲಿ ಅಲೆಕ್ಸಾಂಡ್ರಿಯಾದ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯಗಳು. ಅವುಗಳ ಮೇಲೆ ಗೋಪುರದ ಚಿತ್ರವಿದೆ, ತುದಿಯಲ್ಲೊಂದು ಪ್ರತಿಮೆ ಇದೆ, ಮೂಲೆಗಳಲ್ಲಿ ಶಂಖ ಊದುವ ಸಮುದ್ರದೇವತೆಗಳಿದ್ದಾರೆ. ಎರಡು, ಅರಬ್ ಪ್ರವಾಸಿಗಳ ಬರಹ. 1166ರಲ್ಲಿ ಅಂದಲೂಸಿಯಾದಿಂದ, ಅಂದರೆ ಇಂದಿನ ಸ್ಪೇನಿನ ಕಡೆಯಿಂದ ಬಂದ ಅಲ್ ಬಲವಿ ಎಂಬಾತ ಗೋಪುರದ ಒಳಹೊಕ್ಕು, ಮೇಲೆ ಹತ್ತಿ, ಅಳತೆ ತೆಗೆದುಕೊಂಡು ಬರೆದಿಟ್ಟ. ಹೀಗೆ ಅಳೆದು ಬರೆದವರು ಇರುವುದರಿಂದಲೇ ನಾವು ಇವತ್ತು ಇದರ ಬಗ್ಗೆ ಧೈರ್ಯವಾಗಿ ಮಾತಾಡಬಹುದು.

ಅವರ ಪ್ರಕಾರ ಗೋಪುರಕ್ಕೆ ಮೂರು ಹಂತ. ಕೆಳಗಿನದು ಚೌಕ, ಒಟ್ಟು ಎತ್ತರದ ಅರ್ಧಕ್ಕಿಂತ ಹೆಚ್ಚು ಅದೇ. ಅದರ ಮೇಲೆ ಎಂಟು ಮೂಲೆಯದು. ಅದರ ಮೇಲೆ ದುಂಡನೆಯದು. ಮೇಲೆ ಹೋದಂತೆ ಸಣ್ಣದಾಗುವುದರಿಂದ ತಳದ ಮೇಲೆ ಭಾರ ಕಡಿಮೆ, ಗಾಳಿಯ ಹೊಡೆತವೂ ಕಡಿಮೆ. ಕೆಳಹಂತದ ಒಳಗೆ ಮೆಟ್ಟಿಲಲ್ಲ, ಗೋಡೆಗೆ ಅಂಟಿಕೊಂಡು ಸುತ್ತುತ್ತಾ ಏರುವ ಅಗಲವಾದ ಇಳಿಜಾರು ದಾರಿ. ಮಹಡಿ ಪಾರ್ಕಿಂಗ್‌ನಲ್ಲಿ ಕಾರು ಸುತ್ತಿಕೊಂಡು ಮೇಲೆ ಹೋಗುತ್ತಲ್ಲ, ಹಾಗೆ. ಹೇರು ಹೊತ್ತ ಪ್ರಾಣಿಗಳೂ ಹತ್ತಬಹುದಿತ್ತು.

ಗೋಡೆಗೆ ಹೆಚ್ಚಾಗಿ ಹತ್ತಿರದಲ್ಲೇ ಸಿಗುವ ಸುಣ್ಣಕಲ್ಲು. ಬಾಗಿಲಿನಂತಹ ಮುಖ್ಯ ಜಾಗಕ್ಕೆ ಮಾತ್ರ ಗ್ರಾನೈಟ್. ಅದು ಬಂದದ್ದು ದಕ್ಷಿಣದ ಆಸ್ವಾನ್‌ನಿಂದ, ನೈಲ್ ನದಿಯ ಮೇಲೆ ಸಾವಿರ ಕಿಲೋಮೀಟರಿನಷ್ಟು ದೂರ ತೇಲಿಕೊಂಡು. ಈಗ ಮೇಲೆತ್ತಿದ ಕಲ್ಲುಗಳ ಗಾತ್ರ ನೋಡಿದಾಗ ಆ ಕೆಲಸಗಾರರನ್ನು ನೆನೆಯದೆ ಇರಲು ಆಗುವುದಿಲ್ಲ.

ಗೋಡೆಯ ಮೇಲಿನ ಹೆಸರು

ಕೆಲಸ ಶುರುವಾದದ್ದು ಮೊದಲನೇ ಟಾಲೆಮಿಯ ಕಾಲದಲ್ಲಿ, ಮುಗಿದದ್ದು ಅವನ ಮಗ ಎರಡನೇ ಟಾಲೆಮಿಯ ಕಾಲದಲ್ಲಿ, ಕ್ರಿ.ಪೂ. 280ರ ಸುಮಾರಿಗೆ. ಖರ್ಚು 800 ಟ್ಯಾಲೆಂಟ್ ಎಂದು ರೋಮಿನ ಪ್ಲಿನಿ ಬರೆಯುತ್ತಾನೆ. ಟ್ಯಾಲೆಂಟ್ ಅನ್ನುವುದು ಬೆಳ್ಳಿಯ ತೂಕದ ಲೆಕ್ಕ, ಒಂದು ಟ್ಯಾಲೆಂಟ್‌ಗೆ ಸುಮಾರು 26 ಕಿಲೋ. ಅಂದರೆ 20 ಟನ್ನಿಗೂ ಹೆಚ್ಚು ಬೆಳ್ಳಿ.

ಆದರೆ ಗೋಪುರದ ಮೇಲಿದ್ದ ಹೆಸರು ರಾಜನದಲ್ಲ. ಕ್ನೈಡಸ್ ಊರಿನ, ಡೆಕ್ಸಿಫೇನಸನ ಮಗ ಸೋಸ್ಟ್ರಾಟಸ್, ಸಮುದ್ರಯಾನ ಮಾಡುವವರ ಪರವಾಗಿ ಕಾಪಾಡುವ ದೇವರುಗಳಿಗೆ ಇದನ್ನು ಅರ್ಪಿಸಿದ್ದಾನೆ ಎಂಬ ಬರಹ ಅಲ್ಲಿತ್ತು. ಅವನೇ ಶಿಲ್ಪಿಯೋ, ಹಣ ಕೊಟ್ಟ ಧನಿಕನೋ ಎಂಬ ಚರ್ಚೆ ಇವತ್ತಿಗೂ ಇದೆ. ಇದಕ್ಕೊಂದು ಕಥೆಯೂ ಹುಟ್ಟಿಕೊಂಡಿತು: ಸೋಸ್ಟ್ರಾಟಸ್ ತನ್ನ ಹೆಸರನ್ನು ಕಲ್ಲಿನಲ್ಲಿ ಕೊರೆದು, ಮೇಲೆ ಗಾರೆ ಬಳಿದು, ಗಾರೆಯ ಮೇಲೆ ರಾಜನ ಹೆಸರು ಬರೆದನಂತೆ. ವರ್ಷಗಳು ಕಳೆದು ಗಾರೆ ಉದುರಿದಾಗ ಕೆಳಗಿನ ಹೆಸರು ಕಂಡಿತಂತೆ. ಕಥೆ ಚೆನ್ನಾಗಿದೆ. ಆದರೆ ಅದು ಸಿಗುವುದು ಗೋಪುರ ಕಟ್ಟಿ 400 ವರ್ಷವಾದ ಮೇಲಿನ ಬರಹದಲ್ಲಿ, ಹಾಗಾಗಿ ಕಥೆಯಾಗಿಯೇ ಓದಿಕೊಳ್ಳುವುದು ಒಳ್ಳೆಯದು.

ಬೆಂಕಿ, ನಕ್ಷತ್ರ, ಕನ್ನಡಿ

ತುದಿಯಲ್ಲಿ ರಾತ್ರಿ ಬೆಂಕಿ ಉರಿಯುತ್ತಿತ್ತು. ಪ್ಲಿನಿ ಇಲ್ಲೊಂದು ಜಾಣ ಮಾತು ಹೇಳುತ್ತಾನೆ. ಈ ಬೆಂಕಿ ಎಡೆಬಿಡದೆ ಉರಿಯುತ್ತದೆ, ದೂರದಿಂದ ನೋಡಿದರೆ ನಕ್ಷತ್ರದ ಹಾಗೆಯೇ ಕಾಣುತ್ತದೆ, ನಾವಿಕರು ಇದನ್ನು ನಕ್ಷತ್ರವೆಂದೇ ತಿಳಿಯುವ ಅಪಾಯ ಇದೆ ಅಂತ.

ಈಗಿನ ದೀಪಸ್ತಂಭಗಳು ಯಾಕೆ ಮಿಣುಕುತ್ತವೆ ಅನ್ನುವುದಕ್ಕೆ ಉತ್ತರ ಇದರಲ್ಲೇ ಇದೆ. ಸುಮ್ನೆ ಉರಿಯುವ ಬೆಳಕು ನಕ್ಷತ್ರವೂ ಆಗಿರಬಹುದು, ದಡದ ಮನೆಯ ದೀಪವೂ ಆಗಿರಬಹುದು. ಇಷ್ಟು ಸೆಕೆಂಡಿಗೆ ಇಷ್ಟು ಸಲ ಮಿಂಚುವ ಬೆಳಕು ಹಾಗಲ್ಲ. ಒಂದೊಂದು ದೀಪಸ್ತಂಭಕ್ಕೂ ಒಂದೊಂದು ತಾಳ. ನಾವಿಕ ಎಣಿಸಿ, ತನ್ನ ಬಳಿಯ ಪಟ್ಟಿ ನೋಡಿ, ಇದು ಇಂಥ ಊರಿನ ದೀಪ ಅಂತ ಹೇಳಬಲ್ಲ. 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಗಾಜಿನ ಲೆನ್ಸ್ ತಂದ ಮೇಲೆ ಸಣ್ಣ ದೀಪದ ಬೆಳಕನ್ನೂ ಒಟ್ಟುಗೂಡಿಸಿ ದೂರಕ್ಕೆ ಕಳಿಸುವುದು ಸುಲಭವಾಯಿತು. ಫಾರೋಸ್‌ನಲ್ಲಿ ಲೆನ್ಸ್ ಇರಲಿಲ್ಲ.

ಕನ್ನಡಿ ಇತ್ತಾ? ಮಧ್ಯಯುಗದ ಬರಹಗಳಲ್ಲಿ ಒಂದು ಮಾಯದ ಕನ್ನಡಿ ಬರುತ್ತದೆ. ಅದರಲ್ಲಿ ನೋಡಿದರೆ ದೂರದ ದೇಶದ ಹಡಗು ಕಾಣುತ್ತಿತ್ತಂತೆ, ಬಿಸಿಲು ಹಿಡಿದರೆ ವೈರಿಯ ಹಡಗು ಉರಿದು ಹೋಗುತ್ತಿತ್ತಂತೆ. ಬೆಂಕಿಯ ಹಿಂದೆ ಉಜ್ಜಿ ಹೊಳಪು ಕೊಟ್ಟ ಲೋಹದ ಹಾಳೆ ಇಟ್ಟರೆ ಬೆಳಕು ಸಮುದ್ರದ ಕಡೆಗೆ ಹೆಚ್ಚು ಹೋಗುತ್ತದೆ, ಅಷ್ಟು ನಿಜ. ಹತ್ತಾರು ಕಿಲೋಮೀಟರ್ ದೂರದ ಮರದ ಹಡಗನ್ನು ಸುಡುವಷ್ಟು ಬಿಸಿಲನ್ನು ಒಂದು ಕನ್ನಡಿ ಒಟ್ಟುಮಾಡಲಾರದು.

ಕರಿಮೆಣಸು ಹೋದ ದಾರಿ

ನಮಗೂ ಈ ಗೋಪುರಕ್ಕೂ ಒಂದು ಎಳೆಯ ನಂಟಿದೆ. ರೋಮನ್ನರ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಮೆಣಸು ಮುಂಗಾರಿನ ಗಾಳಿಯ ಲೆಕ್ಕದಲ್ಲಿ ಓಡಾಡುವ ಹಡಗುಗಳಲ್ಲಿ ಕೆಂಪು ಸಮುದ್ರಕ್ಕೆ ಹೋಗುತ್ತಿತ್ತು. ಅಲ್ಲಿಂದ ಒಂಟೆಗಳ ಮೇಲೆ ಮರುಭೂಮಿ ದಾಟಿ ನೈಲ್‌ಗೆ. ನೈಲ್‌ನಲ್ಲಿ ದೋಣಿಯಲ್ಲಿ ಅಲೆಕ್ಸಾಂಡ್ರಿಯಾಕ್ಕೆ. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಅಗೆತದಲ್ಲಿ ಏಳು ಕಿಲೋಗೂ ಹೆಚ್ಚು ಕರಿಮೆಣಸು ಸಿಕ್ಕಿದೆ, ಅದೂ ಭಾರತದ ಒಂದು ದೊಡ್ಡ ಮಣ್ಣಿನ ಗುಡಾಣದಲ್ಲಿ. ಅಲೆಕ್ಸಾಂಡ್ರಿಯಾದಿಂದ ರೋಮಿಗೆ ಹೊರಟ ಮೆಣಸಿನ ಹಡಗಿನ ಕಣ್ಣಿಗೆ ಹಿಂದೆ ಕೊನೆಯದಾಗಿ ಕಾಣುತ್ತಿದ್ದದ್ದು ಈ ಗೋಪುರದ ತುದಿ.

ಈಜಿಪ್ಟಿನದೇ ಆಕ್ಸಿರಿಂಕಸ್ ಎಂಬ ಊರಿನ ಹಳೆಯ ಕಾಗದಗಳಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನವನ್ನು ಕನ್ನಡದ ಓದುಗರು ಕೇಳಿಯೇ ಇರುತ್ತಾರೆ. ಅದರಲ್ಲಿ ಭಾರತದ ತೀರದ ಪಾತ್ರಗಳು ಆಡುವ ಮಾತು ಕನ್ನಡ ಎಂದು ಕೆಲವು ವಿದ್ವಾಂಸರು ವಾದಿಸಿದರು, ಉಳಿದವರು ಒಪ್ಪಲಿಲ್ಲ. ಮಾತು ಯಾವುದೇ ಇರಲಿ, ಈ ತೀರದ ಸುದ್ದಿ ಆ ತೀರದವರ ನಾಟಕಕ್ಕೆ ವಸ್ತುವಾಗುವಷ್ಟು ಓಡಾಟ ಇತ್ತು.

ಬಿದ್ದದ್ದು ಒಂದೇ ದಿನವಲ್ಲ

ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ಒಂದು ದೊಡ್ಡ ಭೂಕಂಪ ಬಂತು, ಗೋಪುರ ಧಡಾರನೆ ಬಿತ್ತು ಅಂತ. ಹಾಗಾಗಲಿಲ್ಲ. ಅದು ಸುಮಾರು 1,600 ವರ್ಷ ನಿಂತಿತ್ತು. ಆಮೇಲೆ ತುಂಡು ತುಂಡಾಗಿ ಹೋಯಿತು.

ಭೂಕಂಪ ಅಲ್ಲಿ ಯಾಕೆ ಜಾಸ್ತಿ? ಮೆಡಿಟರೇನಿಯನ್ನಿನ ತಳದಲ್ಲಿ, ಕ್ರೀಟ್ ದ್ವೀಪದ ಹತ್ತಿರ, ಆಫ್ರಿಕಾದ ಭೂಫಲಕ ಉತ್ತರದ ಫಲಕದ ಅಡಿಗೆ ನುಗ್ಗುತ್ತಿದೆ. ವರ್ಷಕ್ಕೆ ಕೆಲವೇ ಸೆಂಟಿಮೀಟರಿನ ನೂಕಾಟ. ಸಿಕ್ಕಿಹಾಕಿಕೊಂಡು ನಿಂತದ್ದು ಶತಮಾನಕ್ಕೊಮ್ಮೆ ಬಿಟ್ಟುಕೊಂಡಾಗ ನೆಲ ನಡುಗುತ್ತದೆ, ಕೆಲವೊಮ್ಮೆ ಸುನಾಮಿ ಏಳುತ್ತದೆ. 365ರ ಜುಲೈನಲ್ಲಿ ಹೀಗೆ ಎದ್ದ ಸುನಾಮಿ ಅಲೆಕ್ಸಾಂಡ್ರಿಯಾಕ್ಕೆ ಅಪ್ಪಳಿಸಿತು. ಗೋಪುರ ಉಳಿಯಿತು.

ನಡುಗಿದಾಗ ಮೊದಲು ಹೋಗುವುದು ತುದಿ. ಅಡಿಕೆ ಮರವನ್ನು ನೋಡಿ. ಬುಡ ಅಲುಗುವುದು ಒಂದು ಬೆರಳಷ್ಟಾದರೆ ತಲೆ ಅಲುಗುವುದು ಒಂದು ಮಾರು. ಮರವಾದರೆ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಕಲ್ಲಿಗೆ ಬಾಗಲು ಬರುವುದಿಲ್ಲ. ಒಂದರ ಮೇಲೊಂದು ಕೂತ ಕಲ್ಲು ಮೇಲಿನ ಭಾರವನ್ನು ಎಷ್ಟು ಬೇಕಾದರೂ ಹೊರುತ್ತದೆ, ಪಕ್ಕಕ್ಕೆ ಎಳೆದರೆ ಸಂದು ಬಿಡುತ್ತದೆ. ದುಂಡನೆಯ ಹಂತ ಮೊದಲು ಹೋಯಿತು. 956ರ ಭೂಕಂಪದಲ್ಲಿ ಮೇಲಿನ ಒಂದಷ್ಟು ಭಾಗ ಬಿತ್ತು. ನಡುನಡುವೆ ಆಳಿದವರು ದುರಸ್ತಿ ಮಾಡಿದರು. ದೀಪ ಇದ್ದ ಜಾಗದಲ್ಲಿ ಒಂದು ಕಾಲಕ್ಕೆ ಸಣ್ಣ ಮಸೀದಿಯೇ ಇತ್ತು. ಬಿದ್ದದ್ದನ್ನು ಮತ್ತೆ ಕಟ್ಟಿ, ಮೇಲೆ ಹತ್ತಿ, ಸಮುದ್ರ ನೋಡುತ್ತಾ ತಲೆಮಾರುಗಳು ಕಳೆದವು.

1303ರ ಆಗಸ್ಟ್ 8ರಂದು ಕ್ರೀಟ್ ಕಡೆಯಿಂದ ಬಂದ ಭೂಕಂಪ ಮತ್ತು ಸುನಾಮಿಯ ಪೆಟ್ಟು ಜೋರಾಗಿತ್ತು. ಆಮೇಲೆ ಗೋಪುರ ಹೇಗಿತ್ತು ಎಂದು ಕಣ್ಣಾರೆ ಕಂಡು ಹೇಳಿದವನು ಮೊರಾಕ್ಕೋದ ಇಬ್ನ್ ಬತೂತ. ಮುಂದೆ ನಮ್ಮ ಹೊನ್ನಾವರ, ಮಂಗಳೂರಿಗೂ ಬಂದು ಹೋದನಲ್ಲ, ಅವನೇ. 1326ರಲ್ಲಿ ಅವನು ನೋಡಿದಾಗ ಗೋಪುರದ ಒಂದು ಮುಖ ಪಾಳುಬಿದ್ದಿತ್ತು. ಬಾಗಿಲು ನೆಲದಿಂದ ಮೇಲಿತ್ತು. ಎದುರಿಗೆ ಅಷ್ಟೇ ಎತ್ತರದ ಇನ್ನೊಂದು ಕಟ್ಟಡ. ಅಲ್ಲಿಂದ ಬಾಗಿಲಿಗೆ ಮರದ ಹಲಗೆ ಹಾಕಿದ್ದರು. ಹಲಗೆ ತೆಗೆದರೆ ಒಳಗೆ ಹೋಗಲು ದಾರಿಯೇ ಇಲ್ಲ. ಅವನು ಒಳಗೆ ಹೋಗಿ ನೋಡಿ ಬಂದ. ದೇಶಗಳನ್ನೆಲ್ಲ ಸುತ್ತಿ 1349ರಲ್ಲಿ ಮತ್ತೆ ಬಂದಾಗ ಗೋಪುರ ಎಷ್ಟು ಹಾಳಾಗಿತ್ತೆಂದರೆ ಬಾಗಿಲಿನವರೆಗೆ ಹತ್ತಲೂ ಆಗಲಿಲ್ಲ.

1477ರಲ್ಲಿ ಸುಲ್ತಾನ್ ಕೈತ್‌ಬೇ ಅದೇ ಜಾಗದಲ್ಲಿ ಕೋಟೆ ಕಟ್ಟಿಸಿದ. ಕಲ್ಲು ಕಾಲಡಿಯಲ್ಲೇ ಬಿದ್ದಿತ್ತು, ಬೇಕಾದ್ದನ್ನು ಎತ್ತಿಕೊಂಡರು. ಆ ಕೋಟೆ ಈಗಲೂ ಇದೆ. ಎತ್ತಲಾಗದಷ್ಟು ದೊಡ್ಡ ಕಲ್ಲುಗಳು ಸಮುದ್ರದಲ್ಲೇ ಉಳಿದವು.

ಮುಳುಗುಗಾರರು ಕಂಡದ್ದು

1960ರ ದಶಕದ ಶುರುವಿನಲ್ಲಿ ಕಾಮೆಲ್ ಅಬುಲ್ ಸಾದಾತ್ ಎಂಬ ಅಲೆಕ್ಸಾಂಡ್ರಿಯಾದ ಮುಳುಗುಗಾರ ಕೋಟೆಯ ಪಕ್ಕದ ನೀರಿನಲ್ಲಿ ದೊಡ್ಡ ಪ್ರತಿಮೆಗಳನ್ನು ಕಂಡ. 1968ರಲ್ಲಿ ಯುನೆಸ್ಕೋ ಕಳಿಸಿದ ಹಾನರ್ ಫ್ರಾಸ್ಟ್ ಎಂಬ ಸಂಶೋಧಕಿ ಅವನೊಂದಿಗೆ ಮುಳುಗಿ, ಕಂಡದ್ದನ್ನು ಚಿತ್ರ ಬರೆದು ವರದಿ ಕೊಟ್ಟಳು. ಆಮೇಲೆ ಬಹಳ ವರ್ಷ ಸದ್ದಿಲ್ಲ. 1990ರ ದಶಕದಲ್ಲಿ ಅಲೆಯ ಹೊಡೆತದಿಂದ ಕೋಟೆ ಉಳಿಸಲು ಕಾಂಕ್ರೀಟ್ ದಿಮ್ಮಿಗಳನ್ನು ಸಮುದ್ರಕ್ಕೆ ಹಾಕಿದರು. ಅವು ಹೋಗಿ ಬಿದ್ದದ್ದು ಈ ಹಳೆಯ ಕಲ್ಲುಗಳ ಮೇಲೆಯೇ. ಗಲಾಟೆಯಾಯಿತು. 1994ರಲ್ಲಿ ಜಾನ್ ಈವ್ ಆಂಪೆರರ್ ಎಂಬ ಫ್ರಾನ್ಸಿನ ಪುರಾತತ್ವಜ್ಞರ ತಂಡ ಈಜಿಪ್ಟಿನವರ ಜೊತೆ ಸೇರಿ ಹುಡುಕಲು ಇಳಿಯಿತು.

ಸಿಕ್ಕಿದ್ದು ಸಾವಿರಾರು ತುಂಡುಗಳು, ಆರರಿಂದ ಎಂಟು ಮೀಟರ್ ಆಳದಲ್ಲಿ. ಎಲ್ಲವೂ ಗೋಪುರದ್ದಲ್ಲ. ಸಿಂಹದ ಮೈಯ ಸ್ಫಿಂಕ್ಸ್‌ಗಳಿದ್ದವು. ಗೋಪುರಕ್ಕಿಂತ ಸಾವಿರ ವರ್ಷ ಹಳೆಯ ಫೆರೋ ಒಂದನೇ ಸೇಟಿಯ ಹೆಸರಿದ್ದ ಕಲ್ಲುಕಂಬದ ತುಂಡುಗಳಿದ್ದವು. ಟಾಲೆಮಿಗಳು ಹಳೆಯ ಊರುಗಳಿಂದ ಇವನ್ನು ತಂದು ಹೊಸ ರಾಜಧಾನಿಯನ್ನು ಸಿಂಗರಿಸಿದ್ದರು. ಆದರೆ ದ್ವಾರದ ದೊಡ್ಡ ಗ್ರಾನೈಟ್ ತುಂಡುಗಳು ಬೀಳುವಾಗ ಬಿದ್ದಂತೆಯೇ ಒಂದೇ ಸಾಲಿನಲ್ಲಿ ಮಲಗಿದ್ದವು.

ಈಗ ಎತ್ತಿದ್ದು ಯಾಕೆ?

ನೀರಿನಡಿಯಲ್ಲೇ ಫೋಟೋ ತೆಗೆಯಬಹುದು, ತೆಗೆದೂ ಇದ್ದಾರೆ. ಕಳೆದ ಹತ್ತು ವರ್ಷದಲ್ಲಿ ನೂರಕ್ಕೂ ಹೆಚ್ಚು ಕಲ್ಲುಗಳನ್ನು ಹೀಗೆ ಕಂಪ್ಯೂಟರಿಗೆ ಇಳಿಸಿದ್ದಾರೆ. ಒಂದೇ ಕಲ್ಲನ್ನು ಬೇರೆಬೇರೆ ದಿಕ್ಕಿನಿಂದ ನೂರಾರು ಫೋಟೋ ತೆಗೆದು, ಎಲ್ಲವನ್ನೂ ಜೋಡಿಸಿ, ಕಂಪ್ಯೂಟರಿನಲ್ಲಿ ಉದ್ದ, ಅಗಲ, ದಪ್ಪ ಇರುವ ಅದರ ಪ್ರತಿರೂಪ ಮಾಡುತ್ತಾರೆ. ಇದಕ್ಕೆ ಫೋಟೋಗ್ರಾಮೆಟ್ರಿ ಎನ್ನುತ್ತಾರೆ. ಆದರೆ ಮರಳಿನಲ್ಲಿ ಹೂತ ಮುಖವನ್ನು ಕ್ಯಾಮೆರಾ ನೋಡಲಾರದು. ಪಕ್ಕದ ಕಲ್ಲಿಗೆ ಜೋಡಿಸಲು ಕೊರೆದ ತೂತು, ಬಾಗಿಲು ತಿರುಗುವ ಗುಳಿ, ಒಡೆದ ಅಂಚು, ಇವೆಲ್ಲ ಅಡಿಯಲ್ಲೇ ಇರಬಹುದು. ಅದಕ್ಕಾಗಿ ಇಸಬೆಲ್ ಹೇರಿ ಎಂಬ ಸಂಶೋಧಕಿಯ ತಂಡ ಈ 22 ಕಲ್ಲುಗಳನ್ನು ಎತ್ತಿಸಿತು.

ಮುಂದಿನ ಕೆಲಸ ಒಡೆದ ಮಡಕೆಯ ಚೂರುಗಳನ್ನು ಕೂಡಿಸಿದ ಹಾಗೆ. ಚೂರು 80 ಟನ್ ಇದ್ದಾಗ ಕೈಯಲ್ಲಿ ಹಿಡಿದು ಕೂಡಿಸಿ ನೋಡಲಾಗದು, ತೆರೆಯ ಮೇಲೆ ನೋಡಬಹುದು. ಒಂದು ತುಂಡಿನ ಅಂಚು ಇನ್ನೊಂದಕ್ಕೆ ಕೂರುತ್ತದೆಯೇ, ಆ ಎತ್ತರಕ್ಕೆ ಗೋಡೆ ಎಷ್ಟು ದಪ್ಪ ಬೇಕಿತ್ತು, ನೆಲ ಅಲುಗಿದಾಗ ಯಾವ ಕಡೆ ಮೊದಲು ಬಿರುಕು ಬಿಟ್ಟಿರಬೇಕು ಎಂಬುದನ್ನೆಲ್ಲ ಹೀಗೆ ಕಂಪ್ಯೂಟರಿನಲ್ಲೇ ಪರೀಕ್ಷಿಸಬಹುದು. ದ್ವಾರದ ಅಗಲ, ಎತ್ತರ ಖಚಿತವಾದರೆ ಗೋಪುರದ ಉಳಿದ ಅಳತೆಗೂ ಒಂದು ಆಧಾರ ಸಿಗುತ್ತದೆ.

ಇಬ್ನ್ ಬತೂತ ಎರಡನೇ ಸಲ ಬಂದಾಗ ಆ ಬಾಗಿಲನ್ನು ಮುಟ್ಟಲಾಗದೆ ಹಿಂದಿರುಗಿದ. ಮಹಾದ್ವಾರದ ಹೊಸ್ತಿಲು ಆಮೇಲೆ ನೀರಿಗೆ ಬಿತ್ತು, ಶತಮಾನಗಳ ಕಾಲ ಮೀನುಗಳ ನಡುವೆ ಮಲಗಿತ್ತು. 2025ರಲ್ಲಿ ಅದು ಮತ್ತೆ ಬಿಸಿಲು ಕಂಡಿತು.